ಕೋಟಿನ ತಾಯಣ್ಣನೂ ಗದ್ದೆಯ ಬೈತಲೆಯೂ

ಬೇಸಿಗೆಯ ನಡುಹಗಲಿನಲ್ಲಿ, ರಾಯಚೂರಿನ ಕಲ್ಲುಗುಡ್ಡಗಳು ಬಿಸಿಯುಸಿರು ಬಿಡುತ್ತ, ಇಡೀ ಊರು ಬಾಗಿಲು ಮುಂದಕ್ಕೆಳೆದುಕೊಂಡು ಮಲಗಿರುವ ಹೊತ್ತಿನಲ್ಲಿ, ಮೈತುಂಬ ಕೋಟು ತೊಟ್ಟು ಬೀದಿಯಲ್ಲಿ ನಡೆದುಹೋಗುವ ಮನುಷ್ಯನೊಬ್ಬ ನಿಮ್ಮ ಕಣ್ಣಿಗೆ ಬಿದ್ದರೆ, ಆತ ಹುಚ್ಚನಿರಬೇಕು, ಇಲ್ಲವೇ ಮದುಮಗನಿರಬೇಕು, ಎರಡೂ ಅಲ್ಲದಿದ್ದರೆ ನಮ್ಮ ತಾಯಣ್ಣನಿರಬೇಕು. ಗೋಣಿಚೀಲದ ಬಣ್ಣದ, ಮೊಣಕಾಲಿನ ಸಮೀಪಕ್ಕೆ ಇಳಿಬಿದ್ದ ಆ ಕೋಟನ್ನು ಹೊಲಿದುಕೊಟ್ಟವನು ತೀನ್ ಕಂದೀಲು ಚೌಕದ ಆಚೆಯ ದರ್ಜಿ ಗುಡುಸಾಬ. ಹೊಲಿಯುವಾಗ, 'ಇದು ಕೋಟೋ ಕಿರಾಣಿ ಅಂಗಡಿಯೋ' ಎಂದು ಗೊಣಗಿದನಂತೆ. ಏಕೆಂದರೆ ಹೊರಗೆ ಒಳಗೆ ಎಲ್ಲೆಲ್ಲಿ ಬಟ್ಟೆಗೆ ಜಾಗವಿತ್ತೋ ಅಲ್ಲೆಲ್ಲ ತಾಯಣ್ಣ ಜೇಬು ಬೇಡಿದ್ದ. ಆ ಜೇಬುಗಳಲ್ಲಿ ಇರುವುದು ಭತ್ತ. ಎಡಗಡೆಯ ಎದೆಯ ಮೇಲೆ ಸಣ್ಣಕ್ಕಿಯ ತಳಿಗಳು, ಬಲಗಡೆ ಬೇಗ ಕೊಯ್ಲಿಗೆ ಬರುವಂಥವು, ಒಳಜೇಬುಗಳಲ್ಲಿ ಸಂಶೋಧನೆಯ ಹೊಲಗಳಿಂದ ಈಚೆಗಷ್ಟೇ ಹೊರಬಂದ, ಇನ್ನೂ ಹೆಸರಿಲ್ಲದೆ ಬರಿಯ ಅಂಕಿಗಳಿಂದ ಗುರುತಾಗುವ ಎಳೆಯ ತಳಿಗಳು. ಒಮ್ಮೆ ಅವನ ಹೆಂಡತಿ ದಾನೇಶ್ವರಿ ಆ ಕೋಟನ್ನು ನೆನೆಹಾಕಿ ಮರೆತುಬಿಟ್ಟಿದ್ದಳು. ನೆನಪಾಗಿ ಎತ್ತಿ ನೋಡಿದರೆ ಹೊಲಿಗೆಯ ಸಂದಿಯಿಂದ ಮೊಳಕೆಗಳು ಇಣುಕುತ್ತಿದ್ದುವಂತೆ. ಆಕೆ ಬೈಯುತ್ತಲೇ ಈ ಸಂಗತಿಯನ್ನು ತಿಳಿಸಿದಳು. ಆತ ಮಾತ್ರ ಬೀಜದ ಗುಣಮಟ್ಟ ಉತ್ತಮವಾಗಿದೆಯೆಂದು ಸಂತೋಷಪಟ್ಟ.

ಕೋಟಿಗಿಂತ ವಿಚಿತ್ರವಾದದ್ದು ಅವನ ನಡಿಗೆ. ಲಾರಿಗಳೆರಡು ಸರಾಗವಾಗಿ ಹಾದುಹೋಗಬಹುದಾದ ಸ್ಟೇಷನ್ ರಸ್ತೆಯಲ್ಲಿ ಕೂಡ ತಾಯಣ್ಣ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ನೇರವಾಗಿ ಇಡುತ್ತ, ಕೈಗಳನ್ನು ತುಸು ಅಗಲಿಸಿಕೊಂಡು, ಎರಡೂ ಬದಿಗೆ ಕೆಸರಿದೆಯೋ ಎಂಬಂತೆ ಎಚ್ಚರದಿಂದ ಸಾಗುತ್ತಾನೆ. ಹುಟ್ಟಿದಂದಿನಿಂದ ಗದ್ದೆಯ ಬದುವಿನ ಮೇಲೆ ನಡೆದ ಕಾಲುಗಳಿಗೆ ಡಾಂಬರಿನ ಔದಾರ್ಯ ಇನ್ನೂ ಒಗ್ಗಿಲ್ಲ. ಆಟೋದವರು ಹಿಂದಿನಿಂದ ಹಾರ್ನು ಬಾರಿಸಿದರೆ ಆತ ಪಕ್ಕಕ್ಕೆ ಸರಿಯುವುದಿಲ್ಲ. ನಿಂತು, ಇಡೀ ಮೈಯನ್ನು ಓರೆಮಾಡಿ, ಎದುರಾದವರಿಗೆ ಬದುವಿನ ಮೇಲೆ ದಾರಿ ಕೊಡುವ ಕ್ರಮದಲ್ಲಿಯೇ ದಾರಿ ಕೊಡುತ್ತಾನೆ. ಆಟೋದವರಿಗೂ ಈಗ ಅಭ್ಯಾಸವಾಗಿದೆ.

ನಾನು ಅವನ ಓಣಿಯವನು, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಭತ್ತವೆಂಬ ಪದಾರ್ಥವನ್ನು ಬಹುಕಾಲ ನಾನು ಅನ್ನದ ರೂಪದಲ್ಲಲ್ಲದೆ ಬೇರಾವ ರೂಪದಲ್ಲಿಯೂ ಬಲ್ಲವನಾಗಿರಲಿಲ್ಲ, ಬಲ್ಲವನಾಗುವ ಆಸೆಯೂ ಇರಲಿಲ್ಲ. ಕೆಸರೆಂದರೆ ನನಗೆ ಆಗದು, ಮೋಟರ್ ಸೈಕಲ್ಲಿನ ಹಿಂದಿನ ಸೀಟಂತೂ ಇನ್ನೂ ಆಗದು. ಆದರೆ ತಾಯಣ್ಣನಿಗೆ ಕೇಳುಗರು ಬೇಕು. ಆತ ಕೃಷಿ ಇಲಾಖೆಯ ಸಹಾಯಕ ಅಧಿಕಾರಿ, ಮಾತಿನಲ್ಲಿ ಮಾತ್ರ ಯಾರಿಗೂ ಸಹಾಯಕನಲ್ಲ, ಸ್ವತಂತ್ರ ಸಂಸ್ಥಾನ. ಪ್ರತಿ ಎರಡು ವಾಕ್ಯಕ್ಕೊಮ್ಮೆ ನಿಂತು, 'ಅಂದ್ರ ಏನಾತು?' ಎಂದು ಕೇಳುವುದು, ನಾವು ಬಾಯಿ ತೆರೆಯುವಷ್ಟರಲ್ಲಿ ಆತನೇ ಉತ್ತರ ಹೇಳುವುದು, ಇದು ಅವನ ಪದ್ಧತಿ. ಭಾನುವಾರ ಬೆಳಿಗ್ಗೆ ನಾನು ಪತ್ರಿಕೆ ಬಿಡಿಸುವ ಹೊತ್ತಿಗೆ ಸರಿಯಾಗಿ ಬಂದು, 'ಬರ್ರಿ ಸರ, ಕವಿತಾಳದ ಮಿರ್ಚಿ ತಿನ್ನಿಸ್ತೀನಿ' ಎನ್ನುತ್ತಿದ್ದ. ಮಿರ್ಚಿ ಭಜಿಯ ಆಸೆಗೆ ನಾನು ಎಷ್ಟು ಗದ್ದೆಗಳನ್ನು ತುಳಿದಿದ್ದೇನೆಂಬುದು ನನಗೇ ತಿಳಿಯದು.

ಮಾನ್ವಿ ಕಡೆಗೆ ವರ್ಗವಾಗಿ ಬರುವ ಮುನ್ನ ತಾಯಣ್ಣ ಬಹಳ ವರ್ಷ ದೇವದುರ್ಗದಲ್ಲಿದ್ದ. ಅಲ್ಲಿ ಇಂದಿಗೂ ಅವನ ಹೆಸರು ಹೇಳಿದರೆ ಚಹಾ ಸಿಗುತ್ತದೆ. ಕಾಲುವೆಯ ನೀರು ಬಂದು ಜೋಳದ ಹೊಲಗಳು ಹೊಸದಾಗಿ ಗದ್ದೆಗಳಾಗುತ್ತಿದ್ದ ಊರುಗಳವು. ಅಲ್ಲಿಯ ಒಕ್ಕಲಿಗೆ ಜೊಳ್ಳುಬೀಜ ಯಾವುದು, ಗಟ್ಟಿಬೀಜ ಯಾವುದು ಎಂದು ತೋರಿಸಲು ಆತ ಉಪ್ಪುನೀರಿನ ಪರೀಕ್ಷೆ ಮಾಡುತ್ತಿದ್ದ. ನೀರಿಗೆ ಉಪ್ಪು ಎಷ್ಟು ಬೇಕೆಂಬುದನ್ನು ತಿಳಿಯಲು ಅದರಲ್ಲೊಂದು ಕೋಳಿಮೊಟ್ಟೆ ಬಿಡಬೇಕು, ಮೊಟ್ಟೆ ತೇಲಿತೆಂದರೆ ನೀರು ಹದವಾಯಿತು, ಆಗ ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕೆಳಗಿಳಿಯುತ್ತದೆ. ಲಿಂಗಾಯತರ ಅಂಗಳದಲ್ಲಿ ಮೊಟ್ಟೆಯನ್ನು ಹೊರತೆಗೆದ ಮೊದಲ ದಿನ ಬಕೀಟಿನ ಸಮೇತ ಹೊರಬೀಳಬೇಕಾಯಿತಂತೆ. ಮರುದಿನ ಕೋಟಿನ ಜೇಬಿನಲ್ಲೊಂದು ಆಲೂಗಡ್ಡೆಯನ್ನಿಟ್ಟುಕೊಂಡು ಅದೇ ಅಂಗಳಕ್ಕೆ ಹೋದ. ಆಲೂಗಡ್ಡೆಯೂ ಹಾಗೆಯೇ ತೇಲುತ್ತದೆ. ಅಂದಿನಿಂದ ಅವನ ಬಳಿ ಮೊಟ್ಟೆಯ ಮನೆಗೆ ಮೊಟ್ಟೆ, ಆಲೂಗಡ್ಡೆಯ ಮನೆಗೆ ಆಲೂಗಡ್ಡೆ ಸದಾ ಸಿದ್ಧವಾಗಿರುತ್ತಿದ್ದವು, ದೇವದುರ್ಗ ಅವನ ಮಾತು ಕೇಳಿತು.

ಕೇಳದೆ ಉಳಿದದ್ದು ಒಂದೇ ಊರು, ಅದು ಅವನದೇ ಊರು. ಕವಿತಾಳದ ಮಗ್ಗುಲಲ್ಲಿರುವ ಆ ಹಳ್ಳಿಯಲ್ಲಿ ತಾಯಣ್ಣ ಅಧಿಕಾರಿಯಲ್ಲ, ಯಮನಮ್ಮನ ಮಗ. ಯಮನಮ್ಮನೋ, ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪಿನ ಹಿರಿಯಾಕೆ. ಆ ಊರಿನ ಒಂದೊಂದು ಗದ್ದೆಯೂ ಅವಳ ಕೈಯಿಂದಲೇ ಹಸಿರಾದದ್ದು. ಕೂಲಿ ಮಾಡಿಯೇ ಮಗನನ್ನು ಓದಿಸಿದಳು, ಮಗ ನೌಕರಿ ಹಿಡಿದು 'ಇನ್ನು ಸಾಕು ಬೇ, ಮನಿಯಾಗ ಕೂಡು' ಎಂದಾಗ, 'ನಿನ್ನ ಆಫೀಸ ನಿನಗ, ನನ್ನ ಆಫೀಸ ನನಗ' ಎಂದು ಸೀರೆಯ ಕಚ್ಚೆ ಬಿಗಿದು ಕೆಸರಿಗಿಳಿದವಳು. ಅವಳ ಗುಂಪು ನೆಟ್ಟ ಗದ್ದೆಯೆಂದರೆ ನೆಲ ಕಾಣಬಾರದು. ನೀರು ಕಂಡರೂ ಅವಮಾನ. ಎಲ್ಲಿಯಾದರೂ ಅಂಗೈಯಗಲ ಬಿಟ್ಟುಹೋಗಿದ್ದರೆ ನೋಡಿದವರು, 'ಯಾರ ಕೈ ಇದು?' ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ಯಮನಮ್ಮ ಜನ್ಮದಲ್ಲಿ ಕೇಳಿಸಿಕೊಂಡವಳಲ್ಲ.

ತಾಯಣ್ಣನ ಶಾಸ್ತ್ರ ತಿಕ್ಕಾಡಿದ್ದು ಇಲ್ಲಿಯೇ. ಎರಡು ವರ್ಷ ಒಂದೇಸಮನೆ ಆ ಸೀಮೆಯ ಗದ್ದೆಗಳಿಗೆ ಜಿಗಿಹುಳು ಬಿದ್ದಿತ್ತು. ಪೈರು ಒತ್ತಾಗಿ ಬೆಳೆದು, ಯೂರಿಯಾ ತಿಂದು ಕೊಬ್ಬಿ, ಬುಡದಲ್ಲಿ ಗಾಳಿಯಿಲ್ಲದೆ ಬೆಳಕಿಲ್ಲದೆ ಬೆವತು ನಿಂತಾಗ ಹುಳು ಅಲ್ಲಿ ಸಂಸಾರ ಹೂಡುತ್ತದೆ. ಹೊರಗಿನಿಂದ ನೋಡಿದರೆ ತೆನೆ ತೂಗುತ್ತಿರುತ್ತದೆ, ವಾರದಲ್ಲಿ ಗದ್ದೆಯ ನಡುವೆ ಯಾರೋ ದುಂಡಗೆ ಬೆಂಕಿಯಿಟ್ಟಂತೆ ಒಣಗಿ ಕುಳಿತಿರುತ್ತದೆ. ಇದಕ್ಕೆ ತಾಯಣ್ಣನ ಔಷಧ ಮೂರು ಬಗೆಯದು. ಹುಳುವನ್ನು ತಡೆದುಕೊಳ್ಳುವ ಹೊಸ ತಳಿ, ಅರ್ಧ ಯೂರಿಯಾ, ಮತ್ತು ನಾಟಿಯ ನಡುನಡುವೆ ಮೂಡಣದಿಂದ ಪಡುವಣಕ್ಕೆ ಒಂದಡಿ ಅಗಲದ ಖಾಲಿ ಹಾದಿಗಳು. ತಳಿಗೂ ಯೂರಿಯಾಕ್ಕೂ ಜನ ಒಪ್ಪಿಯಾರು. ಆದರೆ ನೆಡುವ ಕೈ ಒಪ್ಪದೆ ಹಾದಿ ಬೀಳುವುದಿಲ್ಲ, ಆ ಊರಿನಲ್ಲಿ ನೆಡುವ ಕೈಯೆಂದರೆ ಯಮನಮ್ಮನ ಗುಂಪು. ತಾನು ಕಲಿತ ವಿದ್ಯೆ ತನ್ನನ್ನು ಓದಿಸಿದ ಮಣ್ಣಿಗೇ ಉಪಯೋಗವಾಗಲಿಲ್ಲವಲ್ಲ ಎಂಬ ವ್ಯಥೆ ಆ ಹರಟೆಮಲ್ಲನ ಹೊಟ್ಟೆಯಲ್ಲಿ ಯಾವಾಗಲೂ ಇತ್ತು. ಇದನ್ನು ಒಮ್ಮೆ ಮಿರ್ಚಿ ತಿನ್ನುತ್ತ ನನ್ನೆದುರು ಆಡಿಯೂ ತೋರಿಸಿದ್ದ.

ಕೊನೆಗೆ ಗದ್ದೆ ಕೊಟ್ಟವರು ವಿರೂಪಣ್ಣನವರು. ಅಕ್ಕಿ ಗಿರಣಿಯ ಮಾಲೀಕರು, ಮೂರು ಬೆರಳಿನ ವಿಭೂತಿ, ಮೆಲುದನಿ, ಯಾವ ಮಾತಿಗೂ ಶಿವನನ್ನು ಸಾಕ್ಷಿಗೆ ಕರೆಯುವ ಅಭ್ಯಾಸ. ಎರಡು ಸಲ ಹುಳು ತಿಂದ ರಸ್ತೆಬದಿಯ ಗದ್ದೆಯನ್ನು ತೋರಿಸಿ, 'ಹೆಂಗೂ ಶಿವಗ ಬಿಟ್ಟಿದ್ದೆ, ಈ ಸಲ ನಿನಗ ಬಿಡ್ತೀನಿ' ಎಂದರು. ನಾಟಿಯ ದಿನ ತಾಯಣ್ಣ ಹಗ್ಗ, ಗೂಟ, ಹೊಸ ತಳಿಯ ಸಸಿ ಎಲ್ಲವನ್ನೂ ಸಿದ್ಧಮಾಡಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಬದುವಿನ ಮೇಲೆ ನಿಂತು ಭಾಷಣ ಪ್ರಾರಂಭಿಸಿದ. ನಾನು ಬೇವಿನ ನೆರಳಿನಲ್ಲಿದ್ದೆ. ಇಲ್ಲಿಯೇ ಅವನ ಸ್ವಭಾವದ ಒಂದು ಸೋಜಿಗವನ್ನು ಹೇಳಬೇಕು: ದೇವದುರ್ಗದಲ್ಲಿ ದೇವದುರ್ಗದ ಮಾತನ್ನೇ ಆಡಿ ಗೆದ್ದ ಈ ಮನುಷ್ಯ, ತನ್ನ ತಾಯಿಯ ಮುಂದೆ ನಿಂತ ಕ್ಷಣ ಇಲಾಖೆಯ ಸುತ್ತೋಲೆಯಾಗಿಬಿಡುತ್ತಿದ್ದ. 'ಸಸ್ಯಗಳ ಬುಡಭಾಗದಲ್ಲಿ ವಾಯು ಹಾಗೂ ಸೂರ್ಯಪ್ರಕಾಶದ ಸಂಚಾರಕ್ಕೆ ಅನುಕೂಲವಾಗುವಂತೆ ನಿಗದಿತ ಅಂತರದಲ್ಲಿ…' ಎಂದು ಆತ ಹೇಳುತ್ತಿದ್ದರೆ ಕನ್ನಡದ ಅಧ್ಯಾಪಕನಾದ ನನಗೇ ಆಕಳಿಕೆ ಬಂತು. ತಾಯಿಗೆ ತಾನು ದೊಡ್ಡವನಾಗಿದ್ದೇನೆಂದು ತೋರಿಸುವ ಆಸೆ ಯಾವ ಮಗನಿಗಿಲ್ಲ? ಹೆಣ್ಣುಮಕ್ಕಳು ಗೌರವದಿಂದ ತಲೆಯಾಡಿಸಿದರು, ಹಗ್ಗ ಕಟ್ಟಿದ ಕಡೆ ಬಿಟ್ಟು ಉಳಿದ ಕಡೆ ನೆಟ್ಟರು, ಸಂಜೆ ಎಲ್ಲರೂ ಕೈಕಾಲು ತೊಳೆದುಕೊಂಡು ಮನೆಗೆ ಹೋದರು.

ಮರುದಿನ ಬೆಳಗಾಗಿ ಇನ್ನೂ ನನ್ನ ಹಲ್ಲುಜ್ಜುವ ಕಾರ್ಯಕ್ರಮ ಮುಗಿದಿರಲಿಲ್ಲ, ತಾಯಣ್ಣ ಫೋನನ್ನು ಕಿವಿಗೆ ಒತ್ತಿಕೊಂಡೇ ನಮ್ಮ ಬಾಗಿಲಿಗೆ ಬಂದ. ಆ ತುದಿಯಿಂದ ಯಮನಮ್ಮನ ದನಿ ನನಗೂ ಕೇಳುತ್ತಿತ್ತು. 'ಯಪ್ಪಾ, ಚಿಂತಿ ಮಾಡಬ್ಯಾಡ. ನಿನ್ನ ಮಾನ ಉಳಿಸೀವಿ. ಒಬ್ರೂ ನೋಡಿಲ್ಲ.' ಇವನಿಗೆ ಏನೊಂದೂ ಅರ್ಥವಾಗಲಿಲ್ಲ. ಮೋಟರ್ ಸೈಕಲ್ಲು ಹತ್ತಿ ಇಬ್ಬರೂ ಧಾವಿಸಿದೆವು.

ಗದ್ದೆಯ ಬದುವಿನ ಮೇಲೆ ಹೆಣ್ಣುಮಕ್ಕಳು ಸಾಲಾಗಿ, ಕಾಲ ಕೆಸರು ಆರಿಸಿಕೊಳ್ಳುತ್ತ, ಗೆದ್ದವರ ಮುಖದಿಂದ ಕುಳಿತಿದ್ದರು. ನಡೆದದ್ದು ಇಷ್ಟು. ಕೆಲಸ ಬಿಟ್ಟು ಮನೆಗೆ ಹೋಗುವಾಗ ಯಮನಮ್ಮ ರಸ್ತೆಯ ಮೇಲಿಂದ ತಿರುಗಿ ನೋಡಿದಳು; ಗದ್ದೆಯ ಉದ್ದಕ್ಕೂ ನೀರಿನ ಪಟ್ಟಿಗಳು ಬಿಳಿದಾಗಿ ಹೊಳೆದವು. ಪಾಪ, ಮಗ ಅಳತೆ ತಪ್ಪಿದ್ದಾನೆ, ಸಸಿ ಕಡಿಮೆ ತಂದಿದ್ದಾನೆ, ಹಗ್ಗ ಕಟ್ಟಿ ಏನೇನೋ ಹೇಳಿ ಮುಚ್ಚಿಕೊಂಡಿದ್ದಾನೆ ಎಂದು ಅವಳ ತಾಯಿಕರುಳಿಗೆ ಅನ್ನಿಸಿತು. ಬೆಳಿಗ್ಗೆ ಕವಿತಾಳದ ಬಸ್ಸು ಅದೇ ರಸ್ತೆಯಲ್ಲಿ ಬರುತ್ತದೆ, ಬಸ್ಸಿನ ತುಂಬ ಜನ ಕಿಟಕಿಯಿಂದ ನೋಡುತ್ತಾರೆ, ಸಾಹೇಬನಾದ ಮಗನ ಹೆಸರು ಕೆಡುತ್ತದೆ. ಗುಂಪನ್ನು ನಸುಕಿನಲ್ಲಿಯೇ ಎಬ್ಬಿಸಿ, ಸಸಿಮಡಿಯಲ್ಲಿ ಮಿಕ್ಕಿದ್ದ ಸಸಿ ಕಿತ್ತು, ಕೂಲಿಯ ಮಾತೆತ್ತದೆ, ಬಸ್ಸು ಬರುವ ಮೊದಲು ಮೂಡಣದ ಅರ್ಧದ ಹಾದಿಗಳನ್ನೆಲ್ಲ ಒತ್ತಾಗಿ ತುಂಬಿಬಿಟ್ಟಿದ್ದರು. ಪಡುವಣದ ಅರ್ಧಕ್ಕೆ ಬರುವಷ್ಟರಲ್ಲಿ ಸಸಿ ತೀರಿತ್ತು. 'ಆ ಕಡಿದು ಅಷ್ಟ ಉಳೀತು ನೋಡಪ್ಪ, ಅದಕ್ಕ ಸಸಿ ಸಾಲಲಿಲ್ಲ' ಎಂದು ಯಮನಮ್ಮ ಸಂಕೋಚದಿಂದ ಹೇಳಿದಳು.

ತಾಯಣ್ಣ ಆ ಹೆಣ್ಣುಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದ. ಬೈಯುವುದು ಯಾರನ್ನು, ಯಾವ ತಪ್ಪಿಗೆ? ಕಡೆಗೆ ಬದುವಿನ ಮೇಲೆ ಕುಳಿತು, 'ಯವ್ವಾ, ಅದು ಬೇಕಂತಲೇ ಬಿಟ್ಟಿದ್ದು ಬೇ' ಎಂದ.

'ಬೇಕಂತ ಯಾರನ ಭೂಮಿ ಖಾಲಿ ಬಿಡ್ತಾರೇನು?' ಎಂದಳು ತಾಯಿ.

'ಹುಳ ಬೀಳಬಾರದಂತ.'

'ಭೂಮಿ ಬಿಟ್ರ ಹುಳ ಓಡ್ತದೇನು? ಯಾರು ಹೇಳಿದ್ರು ನಿನಗ?'

ತುಂಬಿದ ಸಸಿಗಳನ್ನು ಕಿತ್ತುಬಿಡೋಣವೆಂದರೆ ಅದೂ ಸಾಧ್ಯವಿರಲಿಲ್ಲ. ತಮ್ಮ ಕೈಯಿಂದ ನೆಟ್ಟದ್ದನ್ನು ತಮ್ಮ ಕೈಯಿಂದಲೇ ಕೀಳುವುದಿಲ್ಲವೆಂಬುದು ಆ ಗುಂಪಿನ ಹಳೆಯ ನೇಮ. ಯಮನಮ್ಮ ಅದನ್ನು ಮುರಿಯುವವಳಲ್ಲ. ಅಷ್ಟರಲ್ಲಿ ವಿರೂಪಣ್ಣನವರು ಬಂದು ಎಲ್ಲವನ್ನೂ ಕೇಳಿ, ನಗುವನ್ನು ಹೆಗಲ ವಸ್ತ್ರದಲ್ಲಿ ಅಡಗಿಸಿಕೊಂಡು, 'ಅರ್ಧ ನಿಂದು, ಅರ್ಧ ನಿಮ್ಮವ್ವಂದು. ಶಿವ ಯಾವ ಕಡಿ ಅಂತಾನ ನೋಡೂಣು' ಎಂದರು. ಆ ಮಾತು ಯಮನಮ್ಮನಿಗೆ ನಾಟಿತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಕರಾರು ಸಾರಿದಳು. 'ಆತು. ಸುಗ್ಗಿಗೆ ನಿನ್ನ ಕಡಿ ಗೆದ್ದರ, ಮುಂದಿನ ವರ್ಷದಿಂದ ನಮ್ಮ ಗುಂಪು ಎಲ್ಲಾ ಗದ್ದ್ಯಾಗೂ ನೀ ಹೇಳಿದಂಗ ಹಚ್ಚತೈತಿ. ಸೋತ್ರ, ಈ ಊರಿಗೆ ಮಗ ಆಗಿ ಬಾ, ಉಣ್ಣು, ಮಲಕ್ಕೋ. ಸಾಹೇಬ ಆಗಿ ಹಗ್ಗ ಹಿಡಕೊಂಡು ಬರಬ್ಯಾಡ.' ತಾಯಣ್ಣ ಒಪ್ಪಿದ. ಒಪ್ಪದೆ ವಿಧಿಯೂ ಇರಲಿಲ್ಲ.

ಆ ಮಳೆಗಾಲ ತಾಯಣ್ಣನನ್ನು ನೋಡಬೇಕಿತ್ತು. ಊರ ಜನಕ್ಕೆ ಅದೊಂದು ತಮಾಷೆ. ಕವಿತಾಳದ ಚಹಾದಂಗಡಿಯಲ್ಲಿ 'ಅವ್ವನ ಕಡಿ ಹೆಂಗೈತಿ, ಮಗನ ಕಡಿ ಹೆಂಗೈತಿ' ಎಂದು ಕೇಳಿ ನಗುತ್ತಿದ್ದರು. ಅವನಿಗೆ ಮಾತ್ರ ಅದು ಹುಟ್ಟೂರಿನಲ್ಲಿ ತನ್ನ ವಿದ್ಯೆಗೆ ಬಾಗಿಲು ತೆರೆಯುವ ಅಥವಾ ಶಾಶ್ವತವಾಗಿ ಮುಚ್ಚುವ ಪ್ರಶ್ನೆ. ಹರಟೆ ಕಡಿಮೆಯಾಯಿತು. 'ಅಂದ್ರ ಏನಾತು?' ಎಂದು ಕೇಳಿ, ಉತ್ತರ ಹೇಳುವುದನ್ನೇ ಮರೆತು ಕೂತುಬಿಡುತ್ತಿದ್ದ. ನನಗೆ ಗಾಬರಿಯಾಗಿ ನಾನೇ ಏನಾದರೊಂದು ಉತ್ತರ ಹೇಳುತ್ತಿದ್ದೆ. ಬಿಡುವು ಸಿಕ್ಕಾಗಲೆಲ್ಲ ಆ ಗದ್ದೆಗೆ ಹೋಗಿ, ಪೈರಿನ ಬುಡಕ್ಕೆ ಬಗ್ಗಿ, ಅಂಗೈಯಿಂದ ಮೆಲ್ಲನೆ ಬಡಿದು, ನೀರಿಗೆ ಹುಳು ಉದುರುತ್ತದೆಯೋ ಎಂದು ನೋಡುತ್ತಿದ್ದ. ಮೊದಮೊದಲು ಅವ್ವನ ಕಡೆಯ ಪೈರೇ ಸೊಂಪಾಗಿ, ಕತ್ತೆತ್ತಿ ನಿಂತಿತು. ಮಗನ ಕಡೆ ಬೋಳುಬೋಳಾಗಿ, ಯಾರೋ ಅಲ್ಲಲ್ಲಿ ಮೇಯಿಸಿದಂತೆ ಕಾಣುತ್ತಿತ್ತು. ಯಮನಮ್ಮ ಏನೂ ಅನ್ನುತ್ತಿರಲಿಲ್ಲ, ಮಗ ಬಂದಾಗ ಒಂದು ರೊಟ್ಟಿ ಹೆಚ್ಚಾಗಿ ಬಡಿಸುತ್ತಿದ್ದಳು. ಆ ಕರುಣೆಯ ರೊಟ್ಟಿ ಅವನಿಗೆ ಇಳಿಯುತ್ತಿರಲಿಲ್ಲ.

ತೆನೆ ಹಾಲುಕಟ್ಟುವ ಸಮಯಕ್ಕೆ ಮೋಡ ಕವಿದು, ಗಾಳಿ ನಿಂತು, ಸೆಕೆ ಹಿಡಿದು ಕುಳಿತಿತು. ಹುಳು ಬಂತು. ಒಂದು ಮಧ್ಯಾಹ್ನ ನಾವಿಬ್ಬರೂ ಹೋಗಿ ನೋಡುತ್ತೇವೆ, ಮಗನ ಕಡೆ ಪೈರು ಅಷ್ಟಿಷ್ಟು ಹುಳುವಿದ್ದರೂ ಹಚ್ಚಗೆ ನಿಂತಿದೆ. ಅವ್ವನ ಕಡೆ ನಡುವೆ, ತಳ ಸುಟ್ಟ ಪಾತ್ರೆಯನ್ನು ಬೋರಲು ಹಾಕಿ ತೆಗೆದಂತೆ ಒಂದು ಕಂದು ವೃತ್ತ. ಕರಾರಿನ ಪ್ರಕಾರ ತಾಯಣ್ಣ ಅಲ್ಲಿಯೇ ಗೆದ್ದಿದ್ದ. ನಾನು ಅಭಿನಂದಿಸಲೆಂದು ಕೈ ಚಾಚಿದೆ. ಆತ ನನ್ನ ಕೈಗೆ ಕೋಟನ್ನು ತೆಗೆದುಕೊಟ್ಟ. ಕೋಟಿಲ್ಲದ ತಾಯಣ್ಣನನ್ನು ನಾನು ಕಂಡದ್ದು ಅದೇ ಮೊದಲು, ತುಂಬ ಸಣ್ಣ ಮನುಷ್ಯ. 'ಎಣ್ಣಿ ಹೊಡಿಬೇಕು ಸರ, ಇವತ್ತಾ ಹೊಡಿಬೇಕು. ನಮ್ಮವ್ವನ ಕಡಿ ಸುಟ್ಟು ಹೋಗ್ತದ' ಎಂದವನೇ ವಿರೂಪಣ್ಣನವರ ಗಿರಣಿಯಿಂದ ಸಿಂಪಡಿಸುವ ಡಬ್ಬಿ ತರಿಸಿ, ಔಷಧ ಕಲಸಿ, ಬೆನ್ನಿಗೆ ಏರಿಸಿಕೊಂಡ.

ಆದರೆ ಹೋಗುವುದೆಲ್ಲಿಂದ? ಪೈರು ಗೋಡೆಯಾಗಿ ನಿಂತಿತ್ತು. ಮೇಲಿನಿಂದ ಹೊಡೆದರೆ ಎಲೆ ತೊಯ್ಯುತ್ತದೆ, ಬುಡದಲ್ಲಿರುವ ಹುಳುವಿಗೆ ಹನಿಯೂ ಮುಟ್ಟುವುದಿಲ್ಲ. ಆತ ಒಂದು ಉದ್ದನೆಯ ಬಿದಿರುಕೋಲು ಹಿಡಿದು ಪೈರನ್ನು ಎಡಕ್ಕಷ್ಟು ಬಲಕ್ಕಷ್ಟು ಒರಗಿಸುತ್ತ, ಒಬ್ಬನೇ ಏದುಸಿರು ಬಿಡುತ್ತ ಒಳಗೆ ನುಗ್ಗುತ್ತಿದ್ದಾಗ ಯಮನಮ್ಮ ಬಂದಳು. ಮಗನಿಗೆ ತಿಳಿಯದಂತೆ ಆಕೆಯೂ ದಿನಾಲೂ ಬಂದು ನೋಡಿಹೋಗುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಬದುವಿನ ಮೇಲೆ ನಿಂತು ಕಂದು ವೃತ್ತವನ್ನು ನೋಡಿದಳು, ಆ ಬದಿಯ ಹಸಿರನ್ನು ನೋಡಿದಳು, ತನ್ನ ಕಡೆಯ ಪೈರಿನಲ್ಲಿ ಒದ್ದಾಡುತ್ತಿದ್ದ ಮಗನನ್ನು ಬಹಳ ಹೊತ್ತು ನೋಡಿದಳು.

'ಲೇ ತಾಯಣ್ಣ, ಏನ್ಮಾಡಾಕತ್ತಿ?'

'ಹಾದಿ ಬಿಡಿಸಾಕತ್ತೀನಿ ಬೇ. ಗಾಳಿ ಆಡಬೇಕು, ಒಳಗ ಬಿಸಲು ಬೀಳಬೇಕು.'

'ಕಟಗಿ ಒಗಿ. ಪೈರು ಮುರೀತದ.' ಆಕೆ ಸೀರೆ ಮೇಲಕ್ಕೆ ಸಿಕ್ಕಿಸಿ ಇಳಿದಳು. ಎರಡೂ ಕೈಗಳನ್ನು ಜೋಡಿಸಿ ಪೈರಿನ ನಡುವೆ ಇಟ್ಟು, ಬೆರಳಿನಿಂದ ಬುಡದವರೆಗೆ ಸೀಳಿಕೊಂಡು, ಒಂದು ಪಾಲನ್ನು ಆ ಕಡೆಗೆ, ಒಂದು ಪಾಲನ್ನು ಈ ಕಡೆಗೆ, ಒಂದು ಎಸಳೂ ಮುರಿಯದಂತೆ ಮಲಗಿಸುತ್ತ ಹಿಂದಡಿಯಿಡತೊಡಗಿದಳು. ನೀರು ಕಾಣಿಸಿತು, ನೀರಿನ ಮೇಲೆ ಬೆಳಕು ಬಿತ್ತು. ನಾಲ್ಕು ಮಾರು ಹೋಗಿ, ನಿಂತು, ತಾನು ಮಾಡಿದ್ದನ್ನು ತಾನೇ ನೋಡಿದಳು. 'ಇದು ಬೈತಲಿ ತೆಗೆಯೋದಲ್ಲೇನೋ?' ಎಂದಳು. 'ತಲಿಗೆ ತೆಗೀತೀವಿ, ಹಂಗಾ ಗದ್ದಿಗೆ. ಬೈತಲಿ ತೆಗೀರಿ ಅಂದಿದ್ರ ನಮಗ ಅವತ್ತಾ ತಿಳೀತಿತ್ತು. ಸೂರ್ಯಪ್ರಕಾಶ, ಸಂಚಾರ, ಅದೇನೇನೋ ಒದರಿದಿ. ಯಾರಿಗಂತ ತಿಳೀಬೇಕು?'

ತಾಯಣ್ಣ ಕೆಸರಿನಲ್ಲಿ, ಬೆನ್ನ ಮೇಲೆ ಡಬ್ಬಿ ಹೊತ್ತು ನಿಂತಿದ್ದ. ಆಮೇಲೆ ನಗಲು ಪ್ರಾರಂಭಿಸಿದ. ಅಂಥ ನಗುವನ್ನು ನಾನು ಯಾರಲ್ಲಿಯೂ ಕೇಳಿಲ್ಲ. ಡಬ್ಬಿಯೊಳಗಿನ ಔಷಧ ಕೂಡ ತುಳುಕುತ್ತಿತ್ತು. ಯಮನಮ್ಮ ಮೊದಲು ಹುಬ್ಬು ಗಂಟಿಕ್ಕಿದಳು, ಬಳಿಕ ಆಕೆಗೂ ತಡೆಯಲಿಲ್ಲ. ಗುಂಪಿನ ಹೆಣ್ಣುಮಕ್ಕಳಿಗೆ ಕೂಗು ಹೋಯಿತು. ಸಂಜೆಯೊಳಗೆ ಅವ್ವನ ಕಡೆಯ ಗದ್ದೆಗೆ ತಲೆತುಂಬ ಬೈತಲೆ ತೆಗೆದು ಮುಗಿಸಿದರು, ಅವರು ತೆಗೆದ ಹಾದಿಯಲ್ಲಿ ಹಿಂದಿನಿಂದ ತಾಯಣ್ಣ ಔಷಧ ಹೊಡೆಯುತ್ತ ಹೋದ. ನಾನು ಕೋಟು ಹಿಡಿದು ನಿಂತಿದ್ದೆ, ನನ್ನ ಪಾಲಿನ ದುಡಿಮೆ ಅದೇ.

ಸುಗ್ಗಿಯಲ್ಲಿ ಮಗನ ಕಡೆಯೇ ಗೆದ್ದಿತು. ಅವ್ವನ ಕಡೆಯೂ ಸುಟ್ಟ ವೃತ್ತವೊಂದನ್ನು ಬಿಟ್ಟು ಮಾನ ಉಳಿಸಿಕೊಂಡಿತು. ರಾಶಿಯ ಮುಂದೆ ವಿರೂಪಣ್ಣನವರು ಒಂದು ಹಿಡಿ ನೆಲ್ಲನ್ನು ಅಂಗೈಯಲ್ಲಿ ಉಜ್ಜಿ, ಊದಿ, ಅಕ್ಕಿಯನ್ನು ಹಲ್ಲಿಗಿಟ್ಟು, 'ಶಿವ ತಾಯಣ್ಣನ ಕಡಿ ಅಂದ' ಎಂದು ತೀರ್ಪು ಕೊಟ್ಟರು. ಅಂದು ಯಮನಮ್ಮನ ಮನೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಸಾಲಾಗಿ ಕುಳಿತು ನಾವೆಲ್ಲ ಆ ಹೊಸ ತಳಿಯ ಅನ್ನ ಉಂಡೆವು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಮೂಗು ಮುರಿಯುವವನು ನಾನು. ಅಂದು ಪುಂಡಿಪಲ್ಯ ಕಲಸಿಕೊಂಡು ಉಂಡೆ, ಮತ್ತೆ ಬಡಿಸಿಕೊಂಡೆ, ಮುದ್ದೆಯಾದದ್ದು ಉದುರಾದದ್ದು ಒಂದೂ ನೆನಪಿಲ್ಲ. ನನಗೆ ಆ ಮನೆಯಲ್ಲಿ ಆದಷ್ಟು ಸಂತೋಷ ಬೇರೆಲ್ಲಿಯೂ ಆದದ್ದಿಲ್ಲ.

ಆಮೇಲೆ ಅದೇ ಗದ್ದೆಯಲ್ಲಿ ಇಲಾಖೆಯವರು ರೈತರನ್ನು ಸೇರಿಸಿ ಸಭೆ ನಡೆಸಿದರು. ತಾಯಣ್ಣ ಭಾಷಣ ಸಿದ್ಧಮಾಡಿಕೊಂಡಿದ್ದ, ನನಗೆ ಎರಡು ಸಲ ಓದಿಯೂ ಹೇಳಿದ್ದ. ಆದರೆ ಮೈಕು ಅವನ ಕೈಗೆ ಬರುವ ಮೊದಲು ಯಮನಮ್ಮನ ಕೈಗೆ ಹೋಯಿತು, ಹಿಂತಿರುಗಲಿಲ್ಲ. 'ಗದ್ದಿಗೆ ಬೈತಲಿ ತೆಗೀಬೇಕ್ರಿ. ತೆಗೀದಿದ್ರ ತಲ್ಯಾಗ ಹೇನು ಬೀಳ್ತಾವು, ಗದ್ದ್ಯಾಗ ಹುಳ ಬೀಳ್ತಾವು' ಎಂದು ಶುರುಮಾಡಿ, ಆ ಹಾದಿಯನ್ನು ತಾನೇ ಕಂಡುಹಿಡಿದೆನೆಂಬ ಧಾಟಿಯಲ್ಲಿ ಮುಗಿಸಿ, ಕೊನೆಗೆ ಮಗನನ್ನು ತೋರಿಸಿ, 'ನನ್ನ ಮಗನೂ ಭಾಳ ಓಡ್ಯಾಡ್ಯಾನ' ಎಂದು ಒಂದು ಸಾಲು ದಯಪಾಲಿಸಿದಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ತಾಯಣ್ಣ. ನನಗೆ ಸಿಟ್ಟು ಬಂದಿತ್ತು. 'ನಿನ್ನ ವಿದ್ಯೆಯನ್ನು ನಿನ್ನ ಕಣ್ಣೆದುರೇ ದೋಚಿದಳಲ್ಲಯ್ಯ' ಎಂದೆ. ಆತ, 'ದೋಚಲಿ ಸರ, ದೋಚಲಿ' ಎಂದ.

ಮುಂದಿನ ಮಳೆಗಾಲ ಗಿಲ್ಲೆಸುಗೂರಿನ ಕಡೆ ಹೋಗುತ್ತಿದ್ದೆವು. ಅದು ತಾಯಣ್ಣನ ಸೀಮೆಯಲ್ಲ, ಅಲ್ಲಿ ಅವನನ್ನು ಬಲ್ಲವರಿಲ್ಲ. ರಸ್ತೆಯ ಪಕ್ಕದ ಗದ್ದೆಯೊಂದರಲ್ಲಿ ಹೆಣ್ಣುಮಕ್ಕಳು ನಾಟಿ ಮಾಡುತ್ತಿದ್ದರು, ಹಸಿರಿನ ನಡುವೆ ನೀರಿನ ಪಟ್ಟಿಗಳು ನೇರವಾಗಿ ಹೊಳೆಯುತ್ತಿದ್ದವು. ತಾಯಣ್ಣ ಗಕ್ಕನೆ ಗಾಡಿ ನಿಲ್ಲಿಸಿದ. ಮುಂದಾಳಾಗಿದ್ದ ಮೌನೇಶ್ವರಿಯೆಂಬಾಕೆಯನ್ನು, ಏನೂ ಅರಿಯದವನಂತೆ, 'ಯಾಕವ್ವ, ನಡುವ ಖಾಲಿ ಬಿಟ್ಟೀರಿ? ಸಸಿ ಸಾಲಲಿಲ್ಲೇನು?' ಎಂದು ಕೇಳಿದ.

ಆಕೆ ಸೊಂಟ ನೆಟ್ಟಗೆ ಮಾಡಿ, ಕೋಟನ್ನು ಮೇಲಿಂದ ಕೆಳಗೆ ನೋಡಿದಳು. 'ಸಾಲದೇನ್ರೀ, ಮಸ್ತ್ ಅದಾವು. ಅದು ಬೈತಲಿ. ಗಾಳಿ ಆಡಬೇಕಲ್ಲ ಬುಡಕ್ಕ. ಕೋಟು ಹಾಕ್ಕೊಂಡು ತಿರುಗೋ ಪ್ಯಾಟಿ ಮಂದಿ, ನಿಮಗೇನು ತಿಳೀತದ. ನಮ್ಮ ಅಜ್ಜ ಮುತ್ಯಾನ ಕಾಲದಿಂದ ನಾವು ಹಿಂಗಾ ಹಚ್ಚಿಕೋಂತ ಬಂದೀವಿ.'

ನಾನು ಬಾಯಿ ತೆರೆದೆ. ತಾಯಣ್ಣ ನನ್ನ ಮೊಣಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. 'ಹೌದೇನವ್ವ, ನನಗ ಗೊತ್ತಿರಲಿಲ್ಲ' ಎಂದು ತಲೆತಗ್ಗಿಸಿ ಹೇಳಿ, ಆಕೆಯಿಂದ ಇನ್ನೂ ಎರಡು ಬೈಗುಳ ಇಸಿದುಕೊಂಡು, ಗಾಡಿಯ ಬಳಿಗೆ ಬಂದ. ಅವನ ಕಣ್ಣು ತುಂಬಿತ್ತು. 'ಮುತ್ಯಾನ ಕಾಲದಿಂದ ಅಂದ್ಲಲ್ರೀ ಸರ' ಎಂದ. ಸ್ವಲ್ಪ ದೂರ ಹೋದ ಮೇಲೆ ಗಾಳಿಯಲ್ಲಿ ಮುಖ ಹಿಂದಕ್ಕೆ ತಿರುಗಿಸಿ, 'ಕೇಳಿದ್ರಿಲ್ಲೋ? ಮುತ್ಯಾನ ಕಾಲದಿಂದ' ಎಂದು ಮತ್ತೊಮ್ಮೆ ಹೇಳಿದ.

ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿರುತ್ತದೆ, ಪುಸ್ತಕ ಬರೆದವರ ಹೆಸರು ಪುಟದಲ್ಲಿರುತ್ತದೆ. ನಮ್ಮಂಥವರು ಆ ಹೆಸರು ಮಾಸಬಾರದೆಂದು ಜೀವಮಾನವಿಡೀ ಹೆಣಗುತ್ತೇವೆ. ತಾಯಣ್ಣನ ಪಂಗಡದವರ ಲೆಕ್ಕವೇ ಬೇರೆ. ಅವರು ಹೇಳಿಕೊಟ್ಟದ್ದು ಎಲ್ಲಿಯವರೆಗೆ ಅವರ ಹೆಸರಿನಲ್ಲಿ ಉಳಿದಿರುತ್ತದೋ ಅಲ್ಲಿಯವರೆಗೆ ಅದು ಇನ್ನೂ ಪರರ ಮಾತು. ಯಾವ ದಿನ ಜನ ಅವರನ್ನೇ ನಿಲ್ಲಿಸಿ, ಇದು ನಮ್ಮ ಹಿರಿಯರದು, ನಿನಗೇನು ಗೊತ್ತು ಎಂದು ಗದರುತ್ತಾರೋ ಅಂದು ಅವರ ಕೆಲಸ ಪೂರ್ತಿಯಾಯಿತು. ಇಂಥವರು ನಮ್ಮ ನಡುವೆ ಹಿಂದೆಯೂ ಇದ್ದಿರಬೇಕು. ಸಸಿಯನ್ನು ಒಂದು ಕಡೆ ಬೆಳೆಸಿ, ಕಿತ್ತು, ಇನ್ನೊಂದು ಕಡೆ ನೆಡಿರೆಂದು ಮೊಟ್ಟಮೊದಲು ಹೇಳಿದ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ಎಲ್ಲಿಯೋ ಇದ್ದ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಬೆಳೆದ ಸಸಿಯನ್ನು ಯಾರಾದರೂ ಕೀಳುತ್ತಾರೆಯೇ ಎಂದು ಅವನ ತಾಯಿಯೂ ಅವನನ್ನು ಬೈದಿರಬೇಕು.